ಓದಿದವಳ ಕೂಲಿ

ಓದಿಗೂ ಕೂಲಿಗೂ ಏನು ಸಂಬಂಧ ಎಂದು ವಿಚಾರಿಸಲು ಹಾಲೆಂಡಿನ ಸಾಹೇಬನೊಬ್ಬ ಮಲ್ಲಂದೂರು ಕಡೆಯ ನಮ್ಮ ಎಸ್ಟೇಟಿಗೆ ಬಂದಿದ್ದ. ನನ್ನನ್ನು ಮೊದಲೇ ಕೇಳಿದ್ದರೆ ಅವನಿಗೆ ಹಡಗಿನ ಖರ್ಚು ಉಳಿಯುತ್ತಿತ್ತು.

ಆಗಿನ್ನೂ ಬಿಳಿ ದೊರೆಗಳ ಕಾಲ. ಕೂಲಿಯವರ ಮನೆಗಳ ಸಾಲಿನ, ಅಂದರೆ ಲೈನಿನ, ತುದಿಯಲ್ಲಿ ಒಂದೇ ಕೋಣೆಯ ಶಾಲೆಯಿತ್ತು. ಮೇಷ್ಟರ ಸಂಬಳ ಕೊಡುತ್ತಿದ್ದವನು ಎಸ್ಟೇಟಿನ ದೊರೆ. ನಾನು ಅಲ್ಲಿ ನಾಲ್ಕನೇ ಕ್ಲಾಸು ಮುಗಿಸಿ, ಕಣದಲ್ಲಿ ಕಾಫಿಯ ಒಡಕು ಬೀಜ ಆರಿಸುವ ಹೆಂಗಸರ ಸಾಲಿಗೆ ಸೇರಿದ್ದೆ. ಸೇರಿಸಿಕೊಳ್ಳುವವನು ಮೇಸ್ತ್ರಿ. ಅಕ್ಷರ ಬಂದವಳಿಗೆ ಕೈ ಓಡುವುದಿಲ್ಲ, ಬಾಯಿ ಓಡುತ್ತದೆ ಎಂದು ಅವನ ನಂಬಿಕೆ. ಹಾಗಾಗಿ ಸೇರುವ ದಿನ ತಾಯಂದಿರೆಲ್ಲ ಮಗಳ ಪರವಾಗಿ ಆಣೆ ಮಾಡುತ್ತಿದ್ದರು. ನನ್ನವ್ವನೂ ಮಾಡಿದ್ದಳು: "ಇವ್ಳಿಗೆ ಒಂದಕ್ಷರನೂ ಬರಲ್ಲ ಮೇಸ್ತ್ರಿಗಳೇ." ಮಕ್ಕಳನ್ನು ಓದಿಸುವುದು, ಆಮೇಲೆ ಓದಿಲ್ಲವೆಂದು ಆಣೆ ಇಡುವುದು. ಇದು ನಮ್ಮ ಬಾಳು.

ಸಾಹೇಬ ಕಣದಲ್ಲೇ ಕುರ್ಚಿ ಹಾಕಿಸಿಕೊಂಡ. ಪಕ್ಕದ ಕುರ್ಚಿಯಲ್ಲಿ ದೊರೆ. ಎಸ್ಟೇಟಿನ ಗುಮಾಸ್ತ, ಅಂದರೆ ನಮ್ಮ ರೈಟರ್, ನಿಂತು ಕನ್ನಡಕ್ಕೆ ತಿರುಗಿಸುತ್ತಿದ್ದ. ಎಷ್ಟು ವರ್ಷ ಓದಿದ್ದೀ ಎಂದು ಒಬ್ಬೊಬ್ಬಳನ್ನೂ ಕೇಳಿದರು. ಮೇಸ್ತ್ರಿ ಎದುರಿಗೇ ನಿಂತಿದ್ದ. ಎಲ್ಲರೂ "ಓದಿಲ್ಲ" ಎಂದರು.

ದೊರೆ ನಕ್ಕು ಏನೋ ಹೇಳಿದ. "ಓದ್ದೋರು ಒಬ್ರೂ ಇಲ್ದಿದ್ರೆ ಆ ಶಾಲೆ ಯಾಕೆ, ಮುಚ್ಚೋಣ ಅಂತಿದಾರೆ" ಎಂದ ರೈಟರ್.

ನನ್ನ ತಂಗಿ ಆಗ ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ಸೀಮೆಎಣ್ಣೆ ಡಬ್ಬಿಯ ಮೇಲಿನ ಅಕ್ಷರವನ್ನೂ ಬಿಡದೆ ಕೂಡಿಸಿ ಓದುತ್ತಿದ್ದಳು. ನನ್ನಿಂದ ಸುಮ್ಮನಿರಲಾಗಲಿಲ್ಲ. ಎದ್ದು ನಿಂತು, "ನಾನು ಓದಿದೀನಿ, ನಾಲ್ಕನೇ ಕ್ಲಾಸು" ಎಂದೆ.

ಸಾಹೇಬನ ಮುಖ ಅರಳಿತು. ರೈಟರನ ಜೇಬಿನಲ್ಲಿದ್ದ ಹಳೆಯ ಪತ್ರಿಕೆಯ ಚೂರನ್ನು ನನ್ನ ಕೈಗೆ ಕೊಡಿಸಿದ. ತಡವರಿಸದೆ ಓದಿದೆ. ಇನ್ನು ಶಾಲೆ ಉಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳಿದ: ನಿನ್ನ ಕೂಲಿ ಎಷ್ಟು, ಪಕ್ಕದವಳದ್ದೆಷ್ಟು?

ಇಬ್ಬರದ್ದೂ ಒಂದೇ. ಸಾಹೇಬನ ಮುಖ ಬಾಡಿತು. ತನ್ನ ದೇಶದಲ್ಲಿ ಹೆಚ್ಚು ಓದಿದವರಿಗೆ ಹೆಚ್ಚು ಕೂಲಿಯಂತೆ, ಇಲ್ಲಿ ಓದಿನಿಂದ ಏನೂ ಬಂದಂತೆ ಕಾಣುವುದಿಲ್ಲವಂತೆ. ಒಳ್ಳೆಯ ಮನುಷ್ಯನೇ, ನಿಜವಾಗಿ ಬೇಸರಪಟ್ಟ. ಆದರೆ ಯಾಕೆ ಒಂದೇ ಕೂಲಿ ಎಂದು ಅವನಿಗೆ ಕೇಳಬೇಕೆನಿಸಲಿಲ್ಲ. ಕೂಲಿ ಗೊತ್ತುಮಾಡುವವನು ಪಕ್ಕದ ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆ ವಿದ್ಯಾವಂತ ಸಾಹೇಬನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆ ಮೇಸ್ತ್ರಿ ಎಲ್ಲರೆದುರು ಕೈ ಮುಗಿದ. "ಓದಿದ ಅಮ್ಮಾವ್ರು ನಾಳೆಯಿಂದ ಬರೋದ್ ಬೇಡ ಮಾರಾಯ್ತಿ. ನಮ್ಮಂಥೋರ ಜೊತೆ ನಿಮಗ್ಯಾಕೆ ಕಷ್ಟ?"

ಓದಿನಿಂದ ಏನೂ ಬರುವುದಿಲ್ಲವೆಂದು ಸಾಹೇಬನೇ ಹೇಳಿದನಲ್ಲ, ದೊರೆ ಮೇಷ್ಟರ ಸಂಬಳ ನಿಲ್ಲಿಸಿದ. ವಾರದೊಳಗೆ ಮೇಷ್ಟರು ಪೆಟ್ಟಿಗೆ ಹೊತ್ತು ಊರಿಗೆ ಹೋದರು. ಶಾಲೆಯ ಕೋಣೆಗೆ ಗೊಬ್ಬರದ ಮೂಟೆ ತುಂಬಿದರು. ನನ್ನ ಕೂಲಿ ನಿಂತು ಮನೆಯಲ್ಲಿ ಗಂಜಿಗೂ ತತ್ವಾರವಾದಾಗ, ಅವ್ವ ತಂಗಿಯನ್ನು ಕರೆದೊಯ್ದು ಕಣದಲ್ಲಿ ನನ್ನ ಜಾಗದಲ್ಲಿ ಕೂರಿಸಿದಳು. ಚಿಕ್ಕವಳೆಂದು ಅವಳಿಗೆ ಅರ್ಧ ಕೂಲಿ.

ಮೊದಲ ಬಟವಾಡೆಯ ದಿನ ಅವಳು ಓಡೋಡಿ ಬಂದು ಮುಷ್ಟಿ ಬಿಚ್ಚಿ ತೋರಿಸಿದಳು. ಕಣ್ಣಲ್ಲಿ ಎಂಥ ಹಿಗ್ಗು!

"ಅಕ್ಕಾ, ಶಾಲೇಲಿ ಇಷ್ಟು ದಿನ ಕೂತ್ರೂ ಏನೂ ಕೊಡ್ತಿರ್ಲಿಲ್ಲ, ಅಲ್ವಾ?"

"ಇಲ್ಲ, ಕೊಡ್ತಿರ್ಲಿಲ್ಲ" ಎಂದೆ.