ಶಾಲು ಹೊದಿಸಿ ಇಳಿಸಿದ್ದು

ಸಂಘದ ಅಧ್ಯಕ್ಷಗಿರಿ ಎಂದರೆ ದೊಡ್ಡ ಗದ್ದುಗೆ ಎಂದುಕೊಳ್ಳಬೇಡಿ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋವರೆಗೆ ಚದುರಿ ಕೂತ ಕನ್ನಡದ ಮನೆಗಳಿಗೆ ನಮ್ಮದೊಂದು ಸಂಘ, ಅದಕ್ಕೊಬ್ಬ ಅಧ್ಯಕ್ಷ. ಹಬ್ಬದ ದಿನ ಎಲ್ಲರಿಗಿಂತ ಮೊದಲು ಬಂದು ಸಭಾಂಗಣದ ಬೀಗ ತೆಗೆಸುವವನೂ ಅವನೇ, ಎಲ್ಲರೂ ಹೋದ ಮೇಲೆ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿ, ಸಾರು ಸೋರುವ ಕಸದ ಚೀಲಕ್ಕೆ ಗಂಟು ಹಾಕುವವನೂ ಅವನೇ. ನಡುವೆ ಒಂದಿಷ್ಟು ಹೊತ್ತು ಮೈಕು ಕೈಗೆ ಸಿಗುತ್ತದೆ. ಅಷ್ಟೇ ವೈಭವ. ಆದರೂ ಆ ಕುರ್ಚಿ ನನಗೆ ಇನ್ನೊಂದು ಅವಧಿಗೆ ಬೇಕಿತ್ತು. ತುಂಬ ಬೇಕಿತ್ತು.

ಯಾಕೆ ಬೇಕಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಕೋವಿಡ್ಡಿನ ಕಾಲದಲ್ಲಿ ಪರದೆಯ ಮೇಲೆಯೇ ಯುಗಾದಿ, ಪರದೆಯ ಮೇಲೆಯೇ ರಾಜ್ಯೋತ್ಸವ ಮಾಡಿ ಸುಸ್ತಾಗಿದ್ದ ಸಂಘ ಇಪ್ಪತ್ತೆರಡರಲ್ಲಿ ನನ್ನ ಕೈಗೆ ಬಂತು. ಆಗ ನಾನು ರೆಡೊಂಡೊ ಬೀಚ್ ಎಂಬ ಊರಿನ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಹೆಂಡತಿಯ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಜನರನ್ನು ಮತ್ತೆ ಒಂದು ಸೂರಿನಡಿ ಕೂರಿಸಿದೆ. ಆರ್ಟೀಸಿಯಾದಲ್ಲಿ, ಸೀರೆ ಅಂಗಡಿಗಳ ಸಾಲಿನ ಹಿಂದೆ, ಒಂದು ಖಾಲಿ ಮಳಿಗೆ ನೋಡಿಟ್ಟೆ. ಭಾನುವಾರದ ಕನ್ನಡ ತರಗತಿ ಅಲ್ಲಿ, ಪುಸ್ತಕದ ಕಪಾಟು ಅಲ್ಲಿ, ಸಾಮಾನು ಕೊಳ್ಳಲು ಬಂದವರು ಒಂದು ಗಳಿಗೆ ಕೂತು ಕಾಫಿ ಕುಡಿಯುವುದೂ ಅಲ್ಲೇ ಎಂದು ನನ್ನ ಕನಸು. ಅದರ ಗುತ್ತಿಗೆ ಕಾಗದಕ್ಕೆ ಸಹಿ ಹಾಕುವವರೆಗೆ ಕುರ್ಚಿ ಬಿಡಬಾರದು ಎಂದು ನಾನು ಮನಸ್ಸಿನಲ್ಲೇ ನಿರ್ಧರಿಸಿದ್ದೆ.

ಕಾಲ ಮಾತ್ರ ಕೈಕೊಟ್ಟಿತು. ಬಡ್ಡಿ ದರ ಏರಿದ್ದೇ ತಡ, ರಾಜ್ಯೋತ್ಸವಕ್ಕೆ ಬ್ಯಾನರು ಹಾಕಿಸಿ ದುಡ್ಡು ಕೊಡುತ್ತಿದ್ದ ಮನೆ ಮಾರುವ ಏಜೆಂಟರು ಫೋನೆತ್ತುವುದನ್ನೇ ಬಿಟ್ಟರು. ಊಟದವನು ಎಣ್ಣೆ, ಅಕ್ಕಿ, ಪೆಟ್ರೋಲು ಎಂದು ಒಂದೊಂದೇ ಹೇಳಿ ದರ ಏರಿಸಿದ. ಕೆಲವರ ಮನೆಗಳಲ್ಲಿ ಲೇಆಫ್ ಆಗಿ, ಅವರು ಸದಸ್ಯತ್ವ ರಿನ್ಯೂ ಮಾಡಲಿಲ್ಲ. ಕೇಳಲು ನನಗೂ ಬಾಯಿ ಬರಲಿಲ್ಲ. ಇಪ್ಪತ್ಮೂರರ ದೀಪಾವಳಿಯ ಹೊತ್ತಿಗೆ, ಗ್ಲೆಂಡೇಲಿನ ಡಾಕ್ಟರಮ್ಮ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಾರಂತೆ ಎಂಬ ಗಾಳಿಮಾತು ನನ್ನ ಕಿವಿಗೂ ಬಿತ್ತು.

ನಮ್ಮ ಸಂಘದಲ್ಲಿ ಚುನಾವಣೆ ಎಂಬುದು ನಡೆದದ್ದೇ ಇಲ್ಲ. ನಡೆಯುವ ಕ್ರಮವೇ ಬೇರೆ, ಅದು ಊಟದ ಪಂಕ್ತಿಯಿಂದ ಬಂದದ್ದು. ನನ್ನನ್ನು ಸಾಕಿದ ದೊಡ್ಡಮ್ಮ ಹೇಳುತ್ತಿದ್ದರು: "ಬೇಡ ಅಂದವರ ಎಲೆಗೆ ಬಡಿಸದೇ ಇದ್ದರೆ ಅದು ಊಟ ಅಲ್ಲ ಕಣೋ, ರೇಷನ್ನು." ಹಾಗೆಯೇ ಇಲ್ಲೂ. ಇರುವ ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಎದ್ದು, "ನನಗೆ ಸಾಕಪ್ಪ, ಬೇರೆ ಯಾರಾದರೂ ನೋಡಿಕೊಳ್ಳಿ" ಅನ್ನಬೇಕು. ಆಗ ಯಾರಾದರೂ ಎದ್ದು, "ಛೆ, ಎಲ್ಲಾದರೂ ಉಂಟೆ, ನೀವೇ ಇರಬೇಕು" ಅನ್ನಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ತಾನಾಗಿ "ನನಗೆ ಬೇಕು" ಎಂದವನನ್ನು ಜನ ಪಂಕ್ತಿಯಲ್ಲಿ ಎರಡನೇ ಹೋಳಿಗೆಯನ್ನು ಕೈಯಾರೆ ಎತ್ತಿಕೊಂಡವನ ಹಾಗೆ ನೋಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಇದು ಅರ್ಥವೇ ಆಗಲಿಲ್ಲ. "ಡ್ಯಾಡ್, ಯು ವಾಂಟ್ ಇಟ್. ಜಸ್ಟ್ ಸೇ ಸೋ," ಎಂದಳು. ಬೇಕಿದ್ದರೆ ಬೇಕು ಎನ್ನಲು ಏನು ಧಾಡಿ ಎಂದು ಅವಳ ಮಾತು. ಹಾಗೆಲ್ಲ ಅನ್ನಬಾರದಮ್ಮ ಎಂದೆ.

ಒತ್ತಾಯ ಮಾಡುವ ಒಬ್ಬ ಗಟ್ಟಿ ಮನುಷ್ಯ ಬೇಕಲ್ಲ? ಅದಕ್ಕೇ ಸ್ಯಾನ್ ಡಿಯಾಗೋಗೆ ಹೋದೆ. ಅಲ್ಲಿದ್ದವರು ನನ್ನ ಉಪಾಧ್ಯಕ್ಷರು, ಅವರೇ ನನ್ನ ಗೆಳೆಯರು. ಧಾರವಾಡದ ಕಡೆಯವರು, ಸೇತುವೆ ಕಟ್ಟುವ ಎಂಜಿನಿಯರು. ಕೋವಿಡ್ಡಿನ ಮೊದಲ ವರ್ಷ ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಜ್ವರ ಹಿಡಿದು ಮಲಗಿದ್ದಾಗ, ಅಷ್ಟು ದೂರದಿಂದ ಕಾರೋಡಿಸಿಕೊಂಡು ಬಂದು, ಹೊಸ್ತಿಲಲ್ಲಿ ಸಾರಿನ ಪಾತ್ರೆಯಿಟ್ಟು, ಬೀದಿಯ ಆಚೆ ಬದಿಯಲ್ಲಿ ನಿಂತು, "ಉಸಿರಾಟ ಹೆಂಗೈತ್ರಿ? ಜೋರಾಗಿ ಮಾತಾಡ್ರಿ, ಕೇಳಸವಲ್ದು!" ಎಂದು ಕೂಗಿದವರು ಅವರು. ಆ ಕೂಗಿಗೆ ನೆರೆಮನೆಯವರು ಕಿಟಕಿ ತೆರೆದು ನೋಡಿದ್ದರು. ಅಂಥವರ ಮೇಲೆ ನನಗೆ ನಂಬಿಕೆ ಇರದೆ ಇನ್ಯಾರ ಮೇಲೆ ಇರಬೇಕು?

ಅವರ ಮನೆಯಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಟೀವಿಯಲ್ಲಿ ದೇಶದ ಅಧ್ಯಕ್ಷರ ಸುದ್ದಿ ಓಡುತ್ತಿತ್ತು: ಬೆಲೆ ಏರಿಕೆಯಿಂದ ಜನ ಬೇಸತ್ತಿದ್ದಾರೆ, ಮತ್ತೆ ನಿಂತರೆ ಗೆಲ್ಲುತ್ತಾರೋ ಇಲ್ಲವೋ, ಅವರದೇ ಪಕ್ಷದಲ್ಲಿ ಯಾರಾದರೂ ಎದುರು ನಿಂತಾರೋ ಎಂದು ನಾಲ್ಕು ಜನ ಕೂತು ವಾದಿಸುತ್ತಿದ್ದರು.

"ಆ ಮುದುಕಗ ಯಾರರ ಮಗ್ಗಲದವರು ಹೇಳಬೇಕ್ರಿ, ಸಾಕು ಬಿಡಪಾ ಅಂತ," ಎಂದರು ಗೆಳೆಯರು, ರೊಟ್ಟಿ ಮುರಿಯುತ್ತ.

"ಹೇಳೋ ಧೈರ್ಯ ಯಾರಿಗಿದೆ? ಸುತ್ತ ಇರೋರೆಲ್ಲ ಹೌದಪ್ಪಗಳು," ಎಂದು ನಾನು ದೊಡ್ಡದಾಗಿ ನಕ್ಕೆ.

ಅವರು ನಗಲಿಲ್ಲ. ಬಾಯಲ್ಲಿ ತುತ್ತಿದೆ ಎಂದುಕೊಂಡೆ.

ಊಟವಾದ ಮೇಲೆ ನಾನು ಮಳಿಗೆಯ ವಿಷಯ ತೆಗೆದು, ಇನ್ನೊಂದು ಅವಧಿ ಇರಬೇಕೆಂದಿದೆ ಎಂದು ನೇರವಾಗಿಯೇ ಹೇಳಿದೆ. ಡಾಕ್ಟರಮ್ಮನ ಗಾಳಿಮಾತನ್ನೂ ಹೇಳಿದೆ.

"ಏ, ಅದನ್ನೆಲ್ಲ ತಲ್ಯಾಗ ಇಟ್ಕೋಬ್ಯಾಡ್ರಿ," ಎಂದರು. "ನೀವು ಪದ್ಧತಿ ಪ್ರಕಾರ ನಡೀರಿ. ಸಭಾದಾಗ ಮೊದಲು ಎದ್ದು ಸಾಕು ಅನ್ರಿ. ಸ್ವಲ್ಪ ಗಟ್ಟಿಯಾಗೇ ಅನ್ರಿ, ಮಂದಿಗೆ ಖರೇ ಅನಸಬೇಕು. ಆಮ್ಯಾಲೆ ನಾ ಅದೀನಲ್ಲ, ಒತ್ತಾಯ ಮಾಡ್ಲಿಕ್ಕೆ."

"ನೀವಿದ್ದರೆ ಆಯ್ತು ಬಿಡಿ," ಎಂದೆ. ಬರುವಾಗ ನನ್ನ ಹೆಂಡತಿಗೆಂದು ಚಟ್ನಿಪುಡಿಯ ಡಬ್ಬಿ ಕೊಟ್ಟು, ಕಾರಿನವರೆಗೂ ಬಂದು ಬಾಗಿಲು ಹಾಕಿದರು. ಸಮುದ್ರ ಎಡಗಡೆ ಇಟ್ಟುಕೊಂಡು ಮನೆಗೆ ಡ್ರೈವ್ ಮಾಡುವಾಗ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಹಗುರಾಗಿದ್ದೆ.

ಜನವರಿಯಲ್ಲಿ ಆರ್ಟೀಸಿಯಾದ ಒಂದು ಬಾಡಿಗೆ ಹಾಲಿನಲ್ಲಿ ಸಭೆ. ಬಿಸಿಬೇಳೆಭಾತಿನ ವಾಸನೆ ಹಿಂದಿನ ಬಾಗಿಲಿಂದ ಬರುತ್ತಿತ್ತು. ಡಾಕ್ಟರಮ್ಮ ಎರಡನೇ ಸಾಲಿನಲ್ಲಿ ಕೂತಿದ್ದರು. ನಾನು ಎದ್ದು, ಹೇಳಿಕೊಟ್ಟಂತೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: "ನನಗೆ ವಯಸ್ಸಾಯಿತು. ಮೊಣಕಾಲು ಕೇಳುವುದಿಲ್ಲ. ಈ ಭಾರ ಇನ್ನು ಬೇರೆಯವರು ಹೊರಲಿ." ಹೇಳಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಗೆಳೆಯರ ಕಡೆ ನೋಡಿದೆ.

ಅವರು ಎದ್ದರು. ಮೈಕು ತೆಗೆದುಕೊಂಡರು. ಅವರ ಕಣ್ಣು ನನ್ನ ಕಡೆ ಬರಲೇ ಇಲ್ಲ.

"ದೊಡ್ಡವರು ಮನಸು ಬಿಚ್ಚಿ ಮಾತಾಡ್ಯಾರ," ಎಂದರು. "ಸಾಕು ಅಂದವರಿಗೆ ಮತ್ತ ಹೊರಸೂದು ಪಾಪದ ಕೆಲಸ. ಅವರ ಮಾತಿಗೆ ಮರ್ಯಾದಿ ಕೊಡೂಣು."

ನಾನು ಮೊದಲು ತಮಾಷೆ ಎಂದುಕೊಂಡೆ. ಒತ್ತಾಯಕ್ಕೆ ಮುಂಚೆ ಸ್ವಲ್ಪ ಆಟವಾಡಿಸುತ್ತಿದ್ದಾರೆ ಎಂದು ನಗುಮುಖವನ್ನೇ ಇಟ್ಟುಕೊಂಡು ನಿಂತೆ. ಅಷ್ಟರಲ್ಲಿ ಅವರ ಹೆಂಡತಿ ಹಿಂದಿನಿಂದ ಒಂದು ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಜರಿಯ ಶಾಲು, ಗಂಧದ ಹಾರ, ಹಣ್ಣು, ಮೈಸೂರು ಪೇಟ. ನನ್ನ ತಲೆ ದೊಡ್ಡದು. ಅಂಗಡಿಯ ಸಿದ್ಧ ಪೇಟ ಯಾವತ್ತೂ ಅರ್ಧಕ್ಕೆ ನಿಂತುಬಿಡುತ್ತದೆ. ಇದು ಅಳತೆ ತೆಗೆದು ಮಾಡಿಸಿದಂತೆ ಕಿವಿಯವರೆಗೂ ಬಂದು ಕೂತಿತು. ಗೆಳೆಯರು ಶಾಲು ಹೊದಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಜೋರು ಚಪ್ಪಾಳೆ ನಾನು ಅಧ್ಯಕ್ಷನಾದ ದಿನವೂ ಬಿದ್ದಿರಲಿಲ್ಲ. ಆ ಸದ್ದಿನಲ್ಲೇ ಯಾರೋ ಉಪಾಧ್ಯಕ್ಷರ ಹೆಸರು ಸೂಚಿಸಿದರು. "ನಂಗ್ಯಾಕ್ರಿ, ನಂಗ ಬ್ಯಾಡ," ಎಂದರು ಅವರು. "ನೀವೇ ಆಗಬೇಕು," ಎಂದು ಕೂಗಿದರು ಜನ. ಅವರಿಗೆ ಒತ್ತಾಯ ಮಾಡಿದವರಲ್ಲಿ ಡಾಕ್ಟರಮ್ಮನೂ ಒಬ್ಬರು.

ಕಾರಿನಲ್ಲಿ ಪೇಟ ಹೆಂಡತಿಯ ತೊಡೆಯ ಮೇಲಿತ್ತು.

"ನೆಚ್ಚಿದ ಎಮ್ಮೆ ಕೋಣ ಈಯಿತು," ಎಂದಳು. ಆಮೇಲೆ ತಡೆದು, "ಕ್ರಿಸ್‌ಮಸ್ಸಿಗೆ ಮುಂಚೆ ಅವರ ಮನೆಯಿಂದ ಫೋನ್ ಬಂದಿತ್ತು ಕಣ್ರೀ. ನಿಮ್ಮ ತಲೆಯ ಸುತ್ತಳತೆ ಕೇಳಿದ್ರು. ಏನೋ ಉಡುಗೊರೆ, ಗುಟ್ಟಾಗಿರಲಿ ಅಂದ್ರು. ನೀವು ಮಧ್ಯಾಹ್ನ ಸೋಫಾ ಮೇಲೆ ಮಲಗಿದ್ದಾಗ ನಾನೇ ಟೇಪು ಹಿಡಿದೆ," ಎಂದಳು.

ನಾನು ಕಾರನ್ನು ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದೆ. ಅಲ್ಲಿಯವರೆಗೆ ನನಗೆ ಒಂದು ಆಸೆಯಿತ್ತು. ಏನೋ ಗಡಿಬಿಡಿಯಲ್ಲಿ ಮಾತು ತಪ್ಪಿತು, ಜನರ ಮುಂದೆ ಅವರಿಗೆ ಏನೋ ತೋಚಿತು ಎಂದು. ಅಳತೆ ಕೊಟ್ಟು ಪೇಟ ಮಾಡಿಸಿದವರಿಗೆ ಅದು ಆ ಗಳಿಗೆಯಲ್ಲಿ ತೋಚಿದ್ದಲ್ಲ. ಕಾರಿನವರೆಗೆ ಬಂದು ಬಾಗಿಲು ಹಾಕಿದ ಆ ಕೈ ನೆನಪಾಗಿ ಮೈ ಉರಿಯಿತು. ನನ್ನನ್ನು ಇಳಿಸುವ ಮಾತನ್ನು ನನ್ನ ಬಾಯಿಂದಲೇ ಆಡಿಸಿದ್ದರು, ಅದೂ ಎಷ್ಟು ಗಟ್ಟಿಯಾಗಿ ಎಂದು ಹೇಳಿಕೊಟ್ಟು.

ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು.

"ಸಿಟ್ಟಿಗೆದ್ದೀರೇನ್ರಿ?"

"ಒತ್ತಾಯ ಮಾಡ್ತೀನಿ ಅಂದಿದ್ರಿ."

"ಅಂದಿದ್ದೆ." ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ನೋಡ್ರಿ, ನಿಮ್ಮ ಮಳಗಿ ಯಾರಿಗೂ ಬ್ಯಾಡಾಗಿತ್ತು. ನೌಕ್ರಿ ಹೋದವರು ಅದಾರ, ಇವತ್ತು ಹೋದೀತು ನಾಳೆ ಹೋದೀತು ಅಂತ ಕುಂತವರು ಅದಾರ. ನೀವು ಬಾಡಗಿ ಅಂದಕೂಡಲೆ ಮಂದಿ ಹೆದರತಿದ್ರು. ನಾ ಮನಿ ಮನಿಗೆ ಫೋನ್ ಮಾಡಿ ಕೇಳೀನಿ. ಕೈ ಎತ್ತಿಸಿದ್ದರ ನೀವು ಸೋಲತಿದ್ರಿ. ಎಲ್ಲಾರ ಮುಂದ ನೀವು ಸೋಲೂದು ನಾ ನೋಡಲಾರೆ. ಅದಕ್ಕ ಮರ್ಯಾದಿಲೆ ಇಳಿಸಿದೆ."

"ನಿಮ್ಮ ಮನೇಲಿ ಎದುರಿಗೇ ಕೂತಿದ್ದೆನಲ್ಲ. ಆಗ ಹೇಳಬಹುದಿತ್ತು."

"ಹೇಳಿದ್ದರ ನೀವು ಕೇಳತಿರಲಿಲ್ಲ."

"ಕೇಳ್ತಿರಲಿಲ್ಲ. ನಿಂತು ಸೋಲ್ತಿದ್ದೆ. ಆ ಸೋಲು ನನ್ನದಾಗ್ತಿತ್ತು. ಅದನ್ನೂ ನೀವು ಕಿತ್ತುಕೊಂಡ್ರಿ."

ಅವರಿಗೆ ಉತ್ತರಿಸಲು ಬಿಡದೆ ಮುಂದಿನದನ್ನೂ ಕೇಳಿದೆ.

"ಹೋಗಲಿ, ನನ್ನನ್ನ ಇಳಿಸಿದ ಮೇಲೆ ಕುರ್ಚಿ ಡಾಕ್ಟರಮ್ಮನಿಗೆ ಯಾಕೆ ಬಿಡಲಿಲ್ಲ?"

"ಮಂದಿ ಒತ್ತಾಯ ಮಾಡಿದ್ರಲ್ರಿ," ಎಂದರು. ಇಂಥ ಮಾತನ್ನು ನನಗೇ ಹೇಳುತ್ತಿದ್ದಾರಲ್ಲ ಎಂದು ನನಗೆ ನಗು ಬಂತು. ನಗದೆ ಫೋನಿಟ್ಟೆ.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಇದೇ ಹೆಚ್ಚು ನೋಯಿಸಿದ್ದು. ಜನಕ್ಕೆ ಮಳಿಗೆ ಬೇಕಿರಲಿಲ್ಲ. ಒಳ್ಳೆಯ ಕೆಲಸವನ್ನೂ ಅವರು ಮಾಡಿದರು. ಕೆಲಸ ಹೋದವರಿಗೆ ಸದಸ್ಯತ್ವದ ಶುಲ್ಕ ಮನ್ನಾ ಮಾಡಿದರು, ಊಟವನ್ನು ಮನೆಮನೆಯಿಂದ ತರುವ ಏರ್ಪಾಟು ಮಾಡಿದರು. ಆ ಬೇಸಿಗೆಯಲ್ಲಿ ದೇಶದ ಅಧ್ಯಕ್ಷರೂ ಚುನಾವಣೆಯಿಂದ ಹಿಂದೆ ಸರಿದಾಗ ಟೀವಿಯವರು ಅವರ ತ್ಯಾಗವನ್ನು ಹೊಗಳಿದ್ದೇ ಹೊಗಳಿದ್ದು. ಹೆಂಡತಿ ನನ್ನ ಮುಖ ನೋಡಿ ಚಾನೆಲ್ ಬದಲಾಯಿಸಿದಳು. ನಾನು ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಡಲಿಲ್ಲ. ಮುಂದಿನ ಸಾಲಿನಲ್ಲಿ 'ಮಾಜಿ ಅಧ್ಯಕ್ಷರು' ಎಂದು ನನಗೊಂದು ಕುರ್ಚಿ ಇಟ್ಟಿರುತ್ತಿದ್ದರು. ನಾನು ಹಿಂದೆ, ಅಡುಗೆಮನೆಯ ಬಾಗಿಲ ಬಳಿ ಕೂರುತ್ತಿದ್ದೆ. ಗೆಳೆಯರು ಎದುರಾದರೆ "ಆರಾಮೇನ್ರಿ?" ಎನ್ನುತ್ತಿದ್ದರು. "ಆರಾಮು," ಎನ್ನುತ್ತಿದ್ದೆ. ಬೀದಿಯ ಆಚೆಯಿಂದ ಕೂಗಿ ಉಸಿರಾಟ ವಿಚಾರಿಸಿದ ಮನುಷ್ಯನೊಡನೆ ನನಗೆ ಉಳಿದ ಮಾತು ಅಷ್ಟು.

ಈ ವರ್ಷ ಜನವರಿಯಲ್ಲಿ ಅವರ ಎರಡು ವರ್ಷದ ಅವಧಿ ಮುಗಿಯಿತು. ಅದೇ ಬಾಡಿಗೆ ಹಾಲ್‌ನಲ್ಲಿ ಸಭೆ. ಗೆಳೆಯರು ಮೈಕು ಹಿಡಿದು, "ನಂಗೂ ಸಾಕಾಗೇದ್ರಿ, ಹುಡುಗರು ಯಾರರ ಬರ್ರಿ," ಎಂದರು. ಇಬ್ಬರು ಎದ್ದು ಒತ್ತಾಯ ಮಾಡಿದರು. ಚಪ್ಪಾಳೆ ಬಿತ್ತು. ಕಾರ್ಯದರ್ಶಿ, ಚುರುಕಾದ ಹುಡುಗಿ, ಮುಂದಿನ ವಿಷಯಕ್ಕೆ ಹೋಗುವ ಆತುರದಲ್ಲಿ, "ವಿರೋಧ ಯಾರದ್ದೂ ಇಲ್ಲ ತಾನೆ?" ಎಂದಳು.

ನಾನು ಕೈ ಎತ್ತಿದೆ.

"ಏನ್ರೀ ಇದು, ಕೈ ಇಳಿಸಿ, ಜನ ನೋಡ್ತಿದ್ದಾರೆ," ಎಂದಳು ಹೆಂಡತಿ.

"ನೋಡಲಿ ಅಂತಲೇ ಎತ್ತಿದ್ದು."

ಮುಂದಿನ ಸಾಲುಗಳಲ್ಲಿ ನಗು ಎದ್ದಿತು. "ಅಂಕಲ್, ಜೋಕ್ ಮಾಡ್ತಿದ್ದೀರಾ?" ಎಂದಳು ಕಾರ್ಯದರ್ಶಿ. ಇಲ್ಲಮ್ಮ ಎಂದೆ. ನಗು ನಿಧಾನವಾಗಿ ಇಳಿಯಿತು. ಸಂಘದಲ್ಲಿ ಹಿಂದೆಂದೂ ಆಗದ ಕೆಲಸ, ಮುಂದೇನು ಮಾಡಬೇಕೆಂದು ಆ ಹುಡುಗಿಗೆ ತಿಳಿಯಲಿಲ್ಲ. ಅವಳು ತಿರುಗಿ ಗೆಳೆಯರ ಮುಖ ನೋಡಿದಳು. ಗೆಳೆಯರು ನನ್ನನ್ನೇ ನೋಡುತ್ತಿದ್ದರು, ನೇರವಾಗಿ.

"ಬರಕೊಳ್ಳವಾ," ಎಂದರು ಅವರು, ಮೈಕಿಲ್ಲದೆಯೇ. "ವಿರೋಧ, ಒಂದು."

ಅವಳು ಬರೆದುಕೊಳ್ಳುವವರೆಗೆ ಕಾದು, ಕೈ ಇಳಿಸಿದೆ.