ಮುಯ್ಯಾಳು ಕೂಡಿಸಿದ ಟರ್ಬೊ

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನನ್ನ ಗದ್ದೆಯ ನಾಟಿಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರುತ್ತೇನೆ. ಕೂಲಿಯ ಮಾತಿಲ್ಲ, ಊಟ ಮಾತ್ರ ಕೆಲಸ ನಡೆಯುವ ಮನೆಯದು. ಮುಯ್ಯಿಗೆ ಬಂದವನು ಆ ಮನೆಗೆ ಕೆಡುಕು ಬಗೆಯುವುದಿಲ್ಲ ಎಂದು ನಾನು ಬುದ್ಧಿ ಬಂದಾಗಿನಿಂದ ನಂಬಿದ್ದೆ. ಈಗ ಮೂಡಿಗೆರೆ ಸುತ್ತ ಗದ್ದೆ ಮಾಡುವವರೇ ಕಡಿಮೆ. ನಾವು ಮೂವರು ಗೆಳೆಯರು ಆ ಮುಯ್ಯಿಯನ್ನು ಕಾರಿನ ಕೆಲಸಕ್ಕೆ ಹಚ್ಚಿಕೊಂಡಿದ್ದೆವು.

ನನಗಿರುವುದು ಸ್ವಲ್ಪ ರೊಬಸ್ಟಾ ಕಾಫಿ ತೋಟ. ಇನ್ನೊಬ್ಬ ವಸ್ತಾರೆ ಹತ್ತಿರದ ದೊಡ್ಡ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ನೋಡುವುದು, ಕೆಲಸ ಹಂಚುವುದು ಅವನ ಪಾಲಿನದು. ಮೂರನೆಯವನದು ಮೂಡಿಗೆರೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವನಿಗೆ ಓಡಿಸುವ ಹುಚ್ಚಿಲ್ಲ, ಸ್ಪ್ಯಾನರ್ ಹಿಡಿಯುವ ಹುಚ್ಚು. ನನ್ನದೂ ರೈಟರನದೂ ಒಂದೇ ಬಗೆಯ ಸಣ್ಣ ಡೀಸೆಲ್ ಕಾರು. ವರ್ಷಕ್ಕೊಮ್ಮೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಧೂಳು ಕೂತ ಮೇಲೆ, ಒಂದು ಎಸ್ಟೇಟಿನ ಬಯಲಿನಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ರೇಸ್ ನಡೆಸುತ್ತಾರೆ. ಒಬ್ಬೊಬ್ಬರಾಗಿ ಓಡಿಸುವುದು, ಯಾರು ಬೇಗ ಮುಗಿಸಿದರೋ ಅವರು ಮೊದಲು. ಸಣ್ಣ ಡೀಸೆಲ್ ಕಾರುಗಳ ಗುಂಪಿನಲ್ಲಿ ಪ್ರತಿ ಸಲವೂ ನಾನು ಮೊದಲು, ರೈಟರ್ ಎರಡನೆಯವನು. ಮುಗಿದ ಮೇಲೆ ಅವನೇ ನನ್ನನ್ನು ಎತ್ತಿಕೊಂಡು ಕುಣಿಯುತ್ತಿದ್ದ. ನಾನು ಗೆದ್ದರೆ ಅವನಿಗೆ ಖುಷಿಯೆಂದೇ ನಾನು ತಿಳಿದಿದ್ದೆ.

ಹೋದ ವರ್ಷ ಚಿಕ್ಕಮಗಳೂರು ಕಡೆಯ ಒಬ್ಬ ಸಾಹುಕಾರ್ರು ಒಂದು ಮಾತು ಹೇಳಿ ಕಳಿಸಿದರು. ಅವರ ಹತ್ತಿರ ರ‍್ಯಾಲಿಗೆಂದೇ ಮಾಡಿಸಿದ ನಿಜವಾದ ಕಾರಿದೆ. ಅವರಿಗೆ ಬೆನ್ನು ನೋವು, ಓಡಿಸುವ ಹಾಗಿಲ್ಲ. ಸಣ್ಣ ಡೀಸೆಲ್ ಗುಂಪಿನಲ್ಲಿ ಈ ಸಲ ಗೆದ್ದವನಿಗೆ ಆ ಕಾರನ್ನು ಒಂದು ವರ್ಷ ಓಡಿಸಲು ಕೊಡುತ್ತಾರಂತೆ, ಹೊರರಾಜ್ಯದ ರ‍್ಯಾಲಿಗಳಿಗೂ ಕಳಿಸುತ್ತಾರಂತೆ. ನನಗೆ ನಲವತ್ತು ಹತ್ತಿರವಾಗುತ್ತಿತ್ತು. ಇನ್ನೊಂದು ಸಲ ಯಾರೂ ನನಗೆ ಅಂಥ ಕಾರಿನ ಕೀ ಕೊಡುವುದಿಲ್ಲ ಎಂದು ಗೊತ್ತಿತ್ತು. ಸುದ್ದಿ ಕೇಳಿದ ದಿನ ನಾನು ಕೊಟ್ಟಿಗೆಯ ಹಿಂದೆ ಹೋಗಿ ಒಬ್ಬನೇ ಕುಣಿದೆ.

ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸಿ ಶಕ್ತಿ ಏರಿಸುವ ಟರ್ಬೊವನ್ನು ಬದಲಾಯಿಸೋಣ ಎಂದವನು ರೈಟರ್.

"ಹಾಸನದ ಹುಡುಗರು ಈ ಸಲ ದೊಡ್ಡ ಟರ್ಬೊ ಹಾಕ್ಸಿದಾರಂತೆ ಮಾರಾಯ. ನೀನು ಹಳೇ ಗಾಡೀಲೇ ಹೋದ್ರೆ ಅವ್ರ ಹೊಗೆ ಕುಡೀಬೇಕಷ್ಟೆ."

"ನಿಂದೂ ಮಾಡೋದಾ?" ಎಂದೆ.

"ನಂದು ಆಮೇಲೆ. ಮೊದ್ಲು ನಿಂದು. ಗೆಲ್ಲೋನು ನೀನಲ್ವಾ?"

ಆ ಮಾತಿಗೆ ನಾನು ಉಬ್ಬಿಹೋದೆ. ಹೊಗಳಿದರೆ ಹಲಸಿನ ಮರಕ್ಕೂ ಹತ್ತುವ ಜಾತಿ ನನ್ನದು.

ಕಾಫಿ ಒಣಗಿಸುವ ಕಣ ಆಗಷ್ಟೇ ಖಾಲಿಯಾಗಿತ್ತು. ಸಿಮೆಂಟಿನ ನೆಲ, ಎಷ್ಟು ಬೇಕಾದರೂ ಜಾಗ. ಭಾನುವಾರ ಬೆಳಗಾದರೆ ಇಬ್ಬರೂ ಬರುತ್ತಿದ್ದರು. ಅದೇ ಎಂಜಿನ್ನು ಇರುವ ದೊಡ್ಡ ಕಾರಿನ ಟರ್ಬೊ ಒಂದನ್ನು ಅಂಗಡಿಯವನು ಮಂಗಳೂರಿನ ಗುಜರಿಯಿಂದ ಹುಡುಕಿ ತಂದಿದ್ದ. ಹಳೆಯದನ್ನು ಬಿಚ್ಚುವುದೇ ಒಂದು ಯುದ್ಧ. ಬೋಲ್ಟುಗಳು ಶಾಖಕ್ಕೂ ತುಕ್ಕಿಗೂ ಹಿಡಿದುಕೊಂಡು ಕೂತಿದ್ದವು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದು ಒಂದನ್ನು ಮುರಿದೇಬಿಟ್ಟೆ. ರೈಟರ್ ನನ್ನನ್ನು ಆಚೆ ತಳ್ಳಿ, ಎಣ್ಣೆ ಬಿಟ್ಟು, ಕಾಯಿಸಿ, ಒಂದಿಷ್ಟು ಬಿಗಿ ಒಂದಿಷ್ಟು ಸಡಿಲ ಮಾಡುತ್ತಾ ಉಳಿದವನ್ನೆಲ್ಲ ತೆಗೆದ. ಅಂಗೈ ಸೀಳಿ ರಕ್ತ ಬಂದರೂ ಬಟ್ಟೆ ಸುತ್ತಿಕೊಂಡು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ. ನನ್ನ ಅಮ್ಮ ಅರಿಶಿನ ಹಚ್ಚಿ, "ಸ್ವಂತ ತಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ನೋಡು" ಎಂದು ನನಗೇ ಹೇಳಿದರು. ಮಧ್ಯಾಹ್ನ ಕಡುಬು, ಕೋಳಿ ಸಾರು. ಅವನಿಗೆ ಎರಡು ಸೌಟು ಹೆಚ್ಚಿಗೆ ಬಡಿಸಿದರು.

ಸೈಲೆನ್ಸರಿನ ಪೈಪನ್ನು ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಅಗಲ ಮಾಡಿಸಿದೆವು. ಹೊಸ ಟರ್ಬೊಗೆ ಎಣ್ಣೆ ಹೋಗದೆ ಎಂಜಿನ್ ಚಾಲೂ ಮಾಡಿದರೆ ಅದು ಸುಟ್ಟೇಹೋಗುತ್ತದೆ. ರೈಟರ್ ದನಕ್ಕೆ ಔಷಧಿ ಕೊಡುವ ದೊಡ್ಡ ಸಿರಿಂಜಿನಲ್ಲಿ ಎಣ್ಣೆ ತುಂಬಿ, ಕೂಸಿಗೆ ಹಾಲು ಕುಡಿಸುವವನ ಹಾಗೆ ಒಳಗೆ ಬಿಟ್ಟ. ಆಮೇಲೆ ಕೀ ತಿರುಗಿಸಿದೆ. ಕಣವೆಲ್ಲ ಗುಡುಗಿತು. ಅಮ್ಮ ಕಾಡುಕೋಣವೇ ಬಂತೆಂದುಕೊಂಡು ಅಡುಗೆಮನೆಯಿಂದ, "ಕಾಟಿ ನುಗ್ತಾ ಎಂತ?" ಎಂದು ಕೂಗಿದರು. ನಾವು ಮೂವರೂ ನೆಲಕ್ಕೆ ಬಿದ್ದು ನಕ್ಕೆವು. ಹೊರನಾಡಿನ ದಾರಿಯಲ್ಲಿ ಓಡಿಸಿ ನೋಡಿದಾಗ, ಮೊದಲು ಉಸಿರು ಕಟ್ಟುತ್ತಿದ್ದ ಏರುಗಳನ್ನೆಲ್ಲ ಕಾರು ನುಂಗಿಕೊಂಡು ಹೋಯಿತು. ರೈಟರ್ ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡ್ ತಟ್ಟುತ್ತಾ "ಹೋಗು, ಹೋಗು" ಎನ್ನುತ್ತಿದ್ದ.

ಈ ನಡುವೆ ರೇಸ್ ನಡೆಸುವವರು ಮೂಡಿಗೆರೆಯಲ್ಲಿ ಓಟಗಾರರನ್ನು ಕರೆದು ಒಂದು ಮೀಟಿಂಗ್ ಮಾಡಿದ್ದರು. ಅವತ್ತು ನಾನು ರೊಬಸ್ಟಾಗೆ ಹೂ ಅರಳಲೆಂದು ನೀರು ಕೊಡುತ್ತಿದ್ದೆ. ಸ್ಪ್ರಿಂಕ್ಲರ್ ಪೈಪು ಜರುಗಿಸುವುದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ರೈಟರ್ ಹೋಗಿದ್ದ, ಅಂಗಡಿಯವನೂ ಜೊತೆಗೆ ಹೋಗಿದ್ದ. ವಾಪಸ್ ಬಂದ ರೈಟರನನ್ನು ಕೇಳಿದೆ.

"ಎಂತದೂ ಇಲ್ಲ ಮಾರಾಯ, ಅದೇ ಹಳೇ ರೂಲ್ಸು. ಹೆಲ್ಮೆಟ್ ಹಾಕಿ, ಬೆಲ್ಟ್ ಹಾಕಿ ಅಂತ."

ಮುಯ್ಯಿಗೆ ಬಂದವನ ಮಾತನ್ನು ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುವುದುಂಟೇ? ನನಗೆ ಆ ಯೋಚನೆಯೇ ಬರಲಿಲ್ಲ.

ರೇಸಿನ ಬೆಳಗ್ಗೆ ಕಾರುಗಳನ್ನು ಪರೀಕ್ಷೆ ಮಾಡುವವರು ನನ್ನ ಬಾನೆಟ್ ಎತ್ತಿದರು. ಎತ್ತಿದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಕಂಪನಿ ಟರ್ಬೊ ಅಲ್ವಲ್ಲ. ನೀವು ಮಾಡಿಫೈಡ್ ಗುಂಪಿಗೆ ಹೋಗ್ಬೇಕು. ಈ ವರ್ಷದಿಂದ ಬೇರೆ ಮಾಡಿದೀವಿ, ಮೀಟಿಂಗಲ್ಲೇ ಹೇಳಿದ್ವಲ್ಲ" ಎಂದರು. ಹಾಸನದ ಹುಡುಗರ ಬಗ್ಗೆ ಕೇಳಿದೆ. ಅವರೂ ಮಾಡಿಫೈಡ್ ಗುಂಪಿನಲ್ಲೇ ಇದ್ದರು. ಸಾಹುಕಾರ್ರು ಕಾರು ಕೊಡುವುದು ಸಣ್ಣ ಡೀಸೆಲ್ ಗುಂಪಿನವನಿಗೆ, ಅಂದರೆ ಏನೂ ಬದಲಾಯಿಸದ ಕಾರಿನವನಿಗೆ. ಆ ಗುಂಪಿನ ಸಾಲಿನಲ್ಲಿ ರೈಟರನ ಕಾರು ತೊಳೆದು ಒರೆಸಿಕೊಂಡು ನಿಂತಿತ್ತು.

ನಾನು ಮಾಡಿಫೈಡ್ ಗುಂಪಿನಲ್ಲೇ ಕಾರು ಓಡಿಸಿದೆ. ನನ್ನದಕ್ಕಿಂತ ಎರಡು ಪಟ್ಟು ಶಕ್ತಿಯ ಕಾರುಗಳ ನಡುವೆ ಎಲ್ಲೋ ಕೊನೆಯಲ್ಲಿ ಬಂದೆ. ರೈಟರ್ ತನ್ನ ಗುಂಪಿನಲ್ಲಿ ಮೊದಲು ಬಂದ. ಸಾಹುಕಾರ್ರು ಅವನ ಕೈ ಕುಲುಕುವುದನ್ನು ನಾನು ಟ್ರ್ಯಾಕಿನ ಈಚೆಯಿಂದ ನೋಡಿದೆ. ಆಮೇಲೆ ಅವನು ಒಬ್ಬನೇ ಸಿಕ್ಕಾಗ ಅಂಗಿಯ ಕಾಲರ್ ಹಿಡಿದೆ.

"ಗೊತ್ತಿತ್ತಾ ನಿಂಗೆ?"

ಅವನು ಬಿಡಿಸಿಕೊಳ್ಳಲಿಲ್ಲ. "ಗೊತ್ತಿತ್ತು" ಎಂದ. "ನೀನು ಹಳೇ ಗಾಡೀಲಿ ಬಂದಿದ್ರೆ ನಾನು ಈ ಜನ್ಮದಲ್ಲಿ ಗೆಲ್ತಿರ್ಲಿಲ್ಲ ಮಾರಾಯ. ಕೆಲ್ಸ ಮಾತ್ರ ಸರಿಯಾಗೇ ಮಾಡಿದೀನಿ, ಬೇಕಾದ್ರೆ ಯಾರಿಗಾದ್ರೂ ತೋರ್ಸು" ಎಂದ.

ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ. ಜಂತೆ ಎಣಿಸುತ್ತಲೇ ಅದೇ ಮನೆಯ ಮಾಡು ರಿಪೇರಿ ಮಾಡಿಕೊಟ್ಟವನನ್ನು ಅವತ್ತೇ ಕಂಡದ್ದು. ಒಂದು ಬೋಲ್ಟಾದರೂ ಸಡಿಲ ಬಿಟ್ಟಿದ್ದರೆ ಅವನ ಕೆನ್ನೆಗೆ ಬಾರಿಸಬಹುದಿತ್ತು. ನನ್ನ ಕೈ ತಾನಾಗಿ ಕಾಲರ್ ಬಿಟ್ಟಿತು.

ಅಂಗಡಿಯವನು ನನ್ನ ಕಾರಿನ ಹತ್ತಿರ ನಿಂತಿದ್ದ. ಅವನನ್ನೂ ಕೇಳಿದೆ. "ನಿಮ್ಮಿಬ್ರ ಮಧ್ಯೆ ನಾನ್ಯಾಕೆ ಅಂತ ಸುಮ್ನಿದ್ದೆ" ಎಂದ. ಇದು ನನಗೆ ಇನ್ನೂ ಹೆಚ್ಚು ಉರಿಯಿತು. ರೈಟರನಿಗೆ ಕಾರಾದರೂ ಬೇಕಿತ್ತು. ಇವನು ಏನೂ ಬೇಕಿಲ್ಲದೆಯೇ, ಪ್ರತಿ ಭಾನುವಾರ ನನ್ನ ಮನೆಯ ಊಟ ಮಾಡುತ್ತಾ, ಬಾಯಿ ಹೊಲಿದುಕೊಂಡು ಕೂತಿದ್ದ. ಅವನ ಅಂಗಡಿಯಲ್ಲಿ ನಾನು ಒಂದು ಮೊಳೆಯನ್ನೂ ಕೊಂಡಿಲ್ಲ, ಆವತ್ತಿನಿಂದ ಇವತ್ತಿನವರೆಗೆ.

ಮಳೆಗಾಲಕ್ಕೆ ಮೊದಲು ರೈಟರ್ ಫೋನ್ ಮಾಡಿದ. ಸಾಹುಕಾರ್ರ ಕಾರನ್ನು ತನ್ನ ಮನೆಗೆ ತಂದಿದ್ದಾನೆ, ಹೊಟ್ಟೆಯಡಿಗೆ ಕಬ್ಬಿಣದ ತಗಡು ಕೂಡಿಸಬೇಕು, ಸಸ್ಪೆನ್ಷನ್ ಬಿಚ್ಚಬೇಕು. "ಒಬ್ನೇ ಆಗಲ್ಲ" ಎಂದ. ನನ್ನನ್ನು ಕರೆಯಲು ಅವನಿಗೆ ನಾಲಿಗೆ ಹೇಗೆ ಹೊರಳಿತೋ. ಅಮ್ಮ, "ಹೋಗ್ಬೇಡ" ಎಂದರು. ಆದರೆ ಅಂಥವನ ಮುಯ್ಯಿಯನ್ನು ತಲೆಯ ಮೇಲೆ ಇಟ್ಟುಕೊಂಡಿರುವುದು ನನ್ನಿಂದಾಗಲಿಲ್ಲ. ಅವನು ನನಗೆ ಎಷ್ಟು ಭಾನುವಾರ ಕೊಟ್ಟಿದ್ದನೋ ಅಷ್ಟೂ ಭಾನುವಾರ ಹೋದೆ. ಕಾರಿನಡಿ ಮಲಗಿ ಅವನು ಕೇಳಿದ ಸ್ಪ್ಯಾನರ್ ಕೊಟ್ಟೆ, ಹೇಳಿದ ಬೋಲ್ಟ್ ಬಿಗಿದೆ. ಕೈಯಾರೆ ಕೆಡಿಸಬೇಕೆಂದು ಎರಡು ಸಲ ಮನಸ್ಸಾಯಿತು; ಕೆಡಿಸಲಿಲ್ಲ. ಮಾತೂ ಆಡಲಿಲ್ಲ.

ಪ್ರತಿ ಮಧ್ಯಾಹ್ನ ಅವನ ಹೆಂಡತಿ ತಟ್ಟೆ ಹಾಕಿ ಕರೆಯುತ್ತಿದ್ದಳು. "ಅಣ್ಣ, ಕೈ ತೊಳ್ಕೊಂಡು ಬನ್ನಿ." ನಾನು ಮನೆಯಿಂದ ತಂದ ಬುತ್ತಿಯನ್ನು ನನ್ನ ಕಾರಿನಲ್ಲಿ ಕೂತು ತಿನ್ನುತ್ತಿದ್ದೆ. ಮುಯ್ಯಿಗೆ ಬಂದವನು ಮನೆಯ ಅನ್ನ ಮುಟ್ಟದಿದ್ದರೆ ಏನರ್ಥವೆಂದು ಅವಳಿಗೆ ಬೇಗ ತಿಳಿಯಿತು. ಕೊನೆಯ ದಿನ ಅವಳು ಕರೆಯಲಿಲ್ಲ, ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ.

"ನಿನ್ ಮುಯ್ಯಿ ತೀರ್ತು" ಎಂದಷ್ಟೇ ಹೇಳಿ ಹೊರಟೆ.

ಅವನ ಮನೆಯಿಂದ ರಸ್ತೆಗೆ ಕಡಿದಾದ ಏರು. ಕಾರು ಒಂಚೂರೂ ತಡವರಿಸದೆ, ಅವನು ಮಾಡಿಕೊಟ್ಟ ಹಾಗೆಯೇ, ಒಂದೇ ಉಸಿರಿಗೆ ಎಳೆಯಿತು. ಅಷ್ಟು ಚೆನ್ನಾಗಿ ಎಳೆಯಿತು ಎಂದೇ ನನಗೆ ಅಳು ಬಂತು.