ಮನೆಯವರು ಆರಿಸಿ ತಂದ ಚಾಕು

ನಮ್ಮ ಕಡೆ ಹೆಂಗಸು ಮೊಳದುದ್ದದ ಕತ್ತಿ ಹಿಡಿದು ನಡುರಸ್ತೆಯಲ್ಲಿ ಹೋಗಬಹುದು. ಕೆ. ಹೊಸಕೋಟೆ ಬಸ್ಸಿನ ಕಂಡಕ್ಟರ್ ಕೂಡ ‘ವಸಿ ಒಳಿಕ್ ಹೋಗಕ್ಕಾ’ ಅನ್ನುತ್ತಾನೆಯೇ ಹೊರತು ಕತ್ತಿ ಯಾಕೆ ಅಂತ ಕೇಳುವುದಿಲ್ಲ. ಸೌದೆಗೆ, ಸೊಪ್ಪಿಗೆ ಅದು ಬೇಕೇ ಬೇಕಲ್ಲ. ಅದೇ ಹೆಂಗಸು ಬೆರಳುದ್ದದ ಮಡಿಸುವ ಚಾಕೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ ಅಂದಳೋ, ಯಾರನ್ನು ತಿವಿಯಲು ಹೊರಟಳಪ್ಪ ಎಂದು ಮನೆಮಂದಿಗೆಲ್ಲ ಚಿಂತೆ ಹತ್ತಿಕೊಳ್ಳುತ್ತದೆ.

ನನಗೆ ಚಾಕು ಬೇಕಾಗಿದ್ದುದು ನನ್ನ ಹಸುವಿಗಾಗಿ. ತವರಿನವರು ಕೊಟ್ಟ ಹಸುವಿಗೆ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಕರು ಅದು. ನಾನೇ ಸಾಕಿ ದೊಡ್ಡದು ಮಾಡಿದ್ದೆ. ಆ ವರ್ಷ ಗಬ್ಬವಾಗಿತ್ತು. ಕಾಫಿ ತೋಟದ ಮೇಲಿನ ಇಳಿಜಾರಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಮೇಯಿಸುತ್ತಿದ್ದೆವು. ತೆಂಗಿನ ನಾರಿನ ಹಗ್ಗ ಹೋಗಿ ನೈಲಾನ್ ಹಗ್ಗ ಬಂದ ಕಾಲ. ಸವೆಯದು, ಕೊಳೆಯದು, ಎಳೆದಷ್ಟೂ ಬಿಗಿಯುತ್ತದೆ; ಬಿಚ್ಚಲು ಮಾತ್ರ ಬಾರದು. ಒಂದು ಸಲ ಹಸು ಅದರಲ್ಲಿ ಕಾಲು ಸುತ್ತಿಸಿಕೊಂಡು ಬಿದ್ದಾಗ ನಾನು ಮನೆಗೆ ಓಡಿ ಕತ್ತಿ ತಂದು ಬಿಡಿಸಿದ್ದೆ. ಅವತ್ತೇ ಹೇಳಿದೆ, ನನಗೊಂದು ಮಡಿಸುವ ಚಾಕು ತಂದುಕೊಡಿ ಅಂತ.

“ಚಾಕು ಅಂದ್ರೆ ಸುಮ್ನೆ ಅಲ್ಲ ಕಣೇ,” ಅಂದರು ನಮ್ಮ ಮನೆಯವರು. “ನೋಡಿ ತರ್ಬೇಕು. ನಿಂಗೆ ಅದೆಲ್ಲ ಗೊತ್ತಾಗಕಿಲ್ಲ.”

ನೋಡಿದರು. ಕಾಫಿಗೆ ಒಳ್ಳೆ ರೇಟು ಬಂದು ಗಂಡಸರಿಗೆ ಸಕಲೇಶಪುರದಲ್ಲಿ ದಿನಾ ಏನಾದರೊಂದು ಕೆಲಸವಿರುತ್ತಿದ್ದ ವರ್ಷಗಳವು. ಇವರಿಗೆ ಚಾಕು ನೋಡುವ ಕೆಲಸ. ಜೊತೆಗೆ ಮಗ್ಗೆ ಕಡೆಯ ಇವರ ಗೆಳೆಯರೊಬ್ಬರು. ಹುಲಿ ಹೊಡೆದ ಅಜ್ಜನ ಮೊಮ್ಮಗನೆಂದು ಹೇಳಿಕೊಳ್ಳುತ್ತಿದ್ದ ಆಸಾಮಿಯಾದ್ದರಿಂದ ಅಲಗಿನ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಮರದ ಹಿಡಿಯದು ನೆನೆದರೆ ಉಬ್ಬುತ್ತದಂತೆ. ಗುಂಡಿ ಒತ್ತಿದರೆ ಚಿಮ್ಮುವುದು ರೌಡಿಗಳದಂತೆ. ಹಿತ್ತಾಳೆಯದು ಭಾರವಂತೆ, ಜೇಬು ಹರಿಯುತ್ತದಂತೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೂತ ಜಾಗದಲ್ಲೇ ಒಪ್ಪಿ ಎದ್ದುಹೋಗಿದ್ದರು. ಚಾಕುವಿಗೆ ಅಷ್ಟು ಸುಲಭದಲ್ಲಿ ಒಪ್ಪಿಗೆ ಸಿಗಲಿಲ್ಲ. ಹರಿತ ನೋಡುವುದಕ್ಕೆ ಮುಂಗೈ ಕೂದಲು ಬೋಳಿಸಬೇಕಂತೆ. ಅಂಗಡಿ ಅಂಗಡಿಗೂ ಬೋಳಿಸಿ ಬೋಳಿಸಿ ಇವರ ಎಡಗೈ ಹೊಸ ಮದುಮಗನ ಕೆನ್ನೆಯ ಹಾಗಾಗಿತ್ತು.

ಕೊನೆಗೆ ಬಂತು, ಕೆಂಪು ಹಿಡಿಯ ಫಾರಿನ್ ಚಾಕು. ಅದರೊಳಗೆ ಚಾಕು ಇತ್ತು, ಕತ್ತರಿ ಇತ್ತು, ಗರಗಸ ಇತ್ತು, ಬಾಟಲಿಯ ಬಿರಡೆ ಕೀಳುವ ಸುರುಳಿ ಇತ್ತು, ಹಲ್ಲುಕಡ್ಡಿಯೂ ಇತ್ತು. ಹಸು ಹಲ್ಲುಕಡ್ಡಿ ಹಾಕುವುದಿಲ್ಲವಲ್ಲ ಅಂದೆ. ಯಾರೂ ನಗಲಿಲ್ಲ. ಅಲಗು ಎಷ್ಟು ಬಿಗಿ ಅಂದರೆ, ಹಿಡಿಯನ್ನು ಒಂದು ಕೈಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಉಗುರು ಸಿಕ್ಕಿಸಿ ಎಳೆಯಬೇಕು. ‘ಬಿಗಿ ಇದ್ರೆನೇ ಒಳ್ಳೇ ಮಾಲು’ ಎಂದು ಹುಲಿ ಮೊಮ್ಮಗನ ತೀರ್ಪಾಯಿತು.

ಆಯುಧಪೂಜೆ ಹತ್ತಿರವಿತ್ತು. ಪೂಜೆಗೆ ಮುಂಚೆ ಹೊಸ ಆಯುಧ ಬಳಸುವುದು ಬೇಡ ಅಂದರು ಅತ್ತೆ. ಸ್ಪ್ರೇಯರ್, ಗುದ್ದಲಿ, ಕತ್ತಿಗಳ ನಡುವೆ ಅದಕ್ಕೂ ಕುಂಕುಮ ಬಿತ್ತು. ಪೂಜೆ ಮುಗಿದ ಮೇಲೆ ನನ್ನ ಚಾಕು ಮನೆಯವರ ಪ್ಯಾಂಟಿನ ಜೇಬು ಸೇರಿತು. ನನಗೆ ಬೇಕಾದಾಗ ಕೇಳಿ ಈಸಿಕೊಳ್ಳಬಹುದಿತ್ತು. ಅದೂ ಕೈಗೆ ಕೈ ಕೊಡುವಂತಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಅಂತ ಅತ್ತೆಯ ಕಟ್ಟಪ್ಪಣೆ. ಇವರು ನೆಲದ ಮೇಲೆ ಇಡಬೇಕು, ನಾನು ಬಗ್ಗಿ ಎತ್ತಿಕೊಳ್ಳಬೇಕು. ಹಾಗೆ ಇಡುವಾಗಲೂ ಎತ್ತುವಾಗಲೂ ನಾವು ಜಗಳವಾಡುತ್ತಲೇ ಇರುತ್ತಿದ್ದೆವು ಅನ್ನುವುದು ಬೇರೆ ಮಾತು.

ನವರಾತ್ರಿ ಕಳೆದು, ಹಿಂಗಾರು ಒಂದೆರಡು ಸಲ ಬಂದುಹೋಗಿ ನೆಲ ಜಾರುತ್ತಿತ್ತು. ಮಧ್ಯಾಹ್ನ ಇಬ್ಬರೂ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತಿದ್ದಾಗ ಹಸುವಿನ ಕೂಗು ಕೇಳಿಸಿತು. ಓಡಿದೆವು. ಅದು ಹುಲ್ಲಿಗೆ ಕತ್ತು ಚಾಚಿ ಧರೆಯ ಅಂಚಿನಿಂದ ಜಾರಿತ್ತು. ಆಳೆತ್ತರಕ್ಕೆ ನೆಟ್ಟಗೆ ಕಡಿದ ಮಣ್ಣಿನ ಧರೆ. ಕೊರಳ ಹಗ್ಗ ಮೇಲಿನ ಮರದಿಂದ ಬಿಗಿದುಕೊಂಡಿತ್ತು, ಹಿಂಗಾಲಿನ ಗೊರಸು ಮಾತ್ರ ನೆಲಕ್ಕೆ ತಾಕುತ್ತಿತ್ತು, ನಾಲಗೆ ಹೊರಗೆ ಬಂದಿತ್ತು. ಇವರು ಕೆಳಗಿನಿಂದ ಹೊಟ್ಟೆಗೆ ಹೆಗಲು ಕೊಟ್ಟು ಎತ್ತಿ ಹಿಡಿದರು. ನಾನು ಕೊರಳ ಕೆಳಗೆ ಎಡಗೈ ಕೊಟ್ಟು ತಲೆ ಎತ್ತಿದೆ. ಉಸಿರು ಒಂಚೂರು ಆಡಿತು. ಹಗ್ಗ ನನ್ನ ಬಲಗೈಗೆ ಎಟುಕುವಂತಿತ್ತು.

“ರೀ, ಚಾಕು ಕೊಡ್ರೀ!” ಅಂದೆ.

ಜೇಬಿನಿಂದ ತೆಗೆದರು. ನನ್ನ ಕೈ ಅವರ ಕೈಯಿಂದ ಗೇಣು ದೂರದಲ್ಲಿತ್ತು. ಪುಣ್ಯಾತ್ಮರು ಹೆಗಲು ಕೊಟ್ಟಂತೆಯೇ ಕೈ ಇಳಿಸಿ ಅದನ್ನು ನೆಲದ ಮೇಲೆ ಇಟ್ಟರು.

ಬೇಕೆಂದು ಇಟ್ಟದ್ದಲ್ಲ, ಕೈ ತಾನಾಗಿ ಹೋಯಿತು, ಅದು ನನಗೂ ಗೊತ್ತು. ಗಂಡಹೆಂಡತಿ ಚೆನ್ನಾಗಿರಲಿ ಅಂತ ಕಲಿತ ಅಭ್ಯಾಸ. ಚಾಕು ಒದ್ದೆ ತರಗೆಲೆಯ ಮೇಲೆ ಜಾರಿ ಕಾಫಿ ಗಿಡದ ಬುಡಕ್ಕೆ ಹೋಯಿತು. “ಅಯ್ಯೋ, ಹೋಗ್ಬುಡ್ತಲ್ಲೇ!” ಎನ್ನುತ್ತ ಇವರು ಅದನ್ನು ಹುಡುಕಲು ಹೆಗಲು ತೆಗೆದರು. ಹಸುವಿನ ಭಾರವೆಲ್ಲ ನನ್ನ ಒಂದು ತೋಳಿಗೆ ಬಂತು. ತಡೆಯಲಾಗಲಿಲ್ಲ. ಹಗ್ಗ ಮತ್ತೆ ಬಿಗಿಯಿತು.

ತರಗು ಕೆದಕಿ ಹುಡುಕಿ ತಂದು, ಈ ಸಲ ಕೈಗೇ ತುರುಕಿದರು; ತಿರುಗಿ ಹೆಗಲು ಕೊಟ್ಟರು. ಒಂದು ಕೈಯಲ್ಲಿ ಆ ಒಳ್ಳೇ ಮಾಲು ಬಿಚ್ಚಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. ಕತ್ತರಿ ಬಂತು. ಮತ್ತೆ ಎಳೆದೆ, ಬಿರಡೆ ಕೀಳುವುದು ಬಂತು. ಅಲಗು ಬಂದು, ಹಗ್ಗ ತುಂಡಾಗಿ, ಹಸು ಕುಸಿದು ತಲೆ ನನ್ನ ಮಡಿಲ ಮೇಲೆ ಬಿದ್ದಾಗ ಅದರ ಕಣ್ಣು ತೆರೆದೇ ಇತ್ತು, ಉಸಿರು ಇರಲಿಲ್ಲ. ಹೊಟ್ಟೆಯೊಳಗೆ ಕರು ಇನ್ನೂ ಮಿಸುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಹಸುವನ್ನು ತೋಟದ ಅಂಚಿನಲ್ಲೇ ಹೂಳಿದೆವು. ಹುಲಿ ಮೊಮ್ಮಗ ಬಂದು, “ಹಗ್ಗ ಗಿಡ್ಡ ಆಯ್ತು ಮಾರಾಯ, ಚಾಕುದೇನೂ ತಪ್ಪಿಲ್ಲ” ಎಂದು ಸಮಾಧಾನ ಹೇಳಿ ಕಾಫಿ ಕುಡಿದು ಹೋದರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅವತ್ತು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಇವರು ಜಗಲಿಯಲ್ಲಿ ಕೂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ನೋಡಿದರೆ ಪಾಪ ಅನಿಸುತ್ತಿತ್ತು. ಪಾಪ ಅನಿಸುವುದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಮುಂದಿನ ವಾರ ಯಾರನ್ನೂ ಕೇಳದೆ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋದೆ. ಕೊಟ್ಟಿಗೆಯಲ್ಲಿ ಮುದಿ ತಾಯಿಹಸು ಇನ್ನೂ ಇತ್ತು, ಅದನ್ನು ಮೇಯಲು ಕಟ್ಟಬೇಕಿತ್ತು.

“ಚಾಕು ತರಕಾರಿಗೇನಮ್ಮ?” ಅಂದ ಅಂಗಡಿಯವನು.

ಇರುವುದನ್ನೆಲ್ಲ ಹರವಲು ಹೇಳಿದೆ. ಅವತ್ತಿನ ಹಾಗೆ ಎಡಗೈಯನ್ನು ಮಡಿಸಿ, ಏನನ್ನೋ ತಬ್ಬಿದಂತೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು, ಒಂದೊಂದೇ ಚಾಕುವನ್ನು ಬಲಗೈಯಲ್ಲಿ ತೆಗೆದುಕೊಂಡು ಬಿಚ್ಚಿ ನೋಡಿದೆ. ಒಂದು ಬಿಚ್ಚಲಿಲ್ಲ, ಇನ್ನೊಂದು ಬಿಚ್ಚಲಿಲ್ಲ. ಮರದ ಹಿಡಿಯ, ಒಂದೇ ಅಲಗಿನದೊಂದು ಹೆಬ್ಬೆರಳು ತಾಗುತ್ತಲೇ ತೆರೆದುಕೊಂಡಿತು.

“ಅದು ಬ್ಯಾಡ ಕಣಮ್ಮ, ಸಡಿಲ ಆಗೈತೆ. ಬಿಗಿ ಇರೋದು ಕೊಡ್ತೀನಿ ತಡೀರಿ,” ಎಂದು ಅವನು ಒಳಗೆ ಹೊರಟ. ಆಮೇಲೆ ತಿರುಗಿ, “ಕೈಗೆ ಏಟಾಗೈತಾ? ಯಾಕಂಗೆ ಎತ್ಕಂಡಿದೀರಿ?” ಅಂದ.

ಆ ಕೈಯನ್ನು ಇಳಿಸಲು ನನಗೆ ಮನಸ್ಸಾಗಲಿಲ್ಲ.

“ಇದೇ ಇರಲಿ,” ಅಂದೆ.